ಬಿಸಿಲು ತೋಟದಲ್ಲಿ ಬರ ತಾಳುವ ಕಾಡು ಹೂಗಳು: ಮೊದಲು ಬೇರು, ಆಮೇಲೆ ಹೂವು

ಪ್ರಶ್ನೆ: ಮನೆ ಮುಂದೆ ಸುಮಾರು 20 ಚದರ ಮೀಟರ್ ಜಾಗ ಇದೆ. ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು. ನೀರು ಕಡಿಮೆ. ಅದಕ್ಕೇ ‘ಬರ ತಾಳುವ ಕಾಡು ಹೂಗಳು’ ಅಂತ ಬರೆದಿದ್ದ ಮಿಶ್ರ ಬೀಜದ ಪ್ಯಾಕೆಟ್ ತಂದು ಕಳೆದ ವರ್ಷ ಬಿತ್ತಿದೆ. ನೆಲವನ್ನು ಆಳಕ್ಕೆ ಅಗೆದು, ಧಾರಾಳವಾಗಿ ಗೊಬ್ಬರ ಹಾಕಿ, ದಿನಾ ಸಂಜೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿದೆ. ಗಿಡಗಳು ಸೊಂಟದೆತ್ತರ ಬಂದವು, ಹೂವು ಮಾತ್ರ ಅಲ್ಲೊಂದು ಇಲ್ಲೊಂದು. ಅರ್ಧ ಗಿಡ ಮಗುಚಿ ಬಿದ್ದವು. ಹತ್ತು ದಿನ ಮನೆಯಲ್ಲಿ ಇರಲಿಲ್ಲ, ಬಂದು ನೋಡಿದರೆ ಮುಕ್ಕಾಲು ಪಾಲು ಒಣಗಿತ್ತು. ಉಳಿದದ್ದು ಬರೀ ಕಳೆ. ಬರ ತಾಳುವ ಗಿಡ ಹತ್ತು ದಿನವೂ ತಾಳಲಿಲ್ಲ ಅಂದರೆ ಏನರ್ಥ? ಅರ್ಧ ಪ್ಯಾಕೆಟ್ ಬೀಜ ಇನ್ನೂ ಇದೆ. ಅದನ್ನು ಬಿತ್ತಬಹುದಾ?

ಉತ್ತರ: ನಿಮ್ಮ ಬೀಜ ಕೆಟ್ಟದ್ದಾಗಿರಲಿಲ್ಲ. ಬಿಸಿಲೂ ಜಾಸ್ತಿ ಆಗಲಿಲ್ಲ. ಗಿಡ ಸೊಂಟದೆತ್ತರ ಬಂತು ಅಂದ ಮೇಲೆ ಮೊಳಕೆಯೂ ಬೆಳವಣಿಗೆಯೂ ಚೆನ್ನಾಗಿಯೇ ಆಗಿದೆ. ಎಡವಿದ್ದು ಎರಡು ಕಡೆ. ಒಂದು ಗೊಬ್ಬರ. ಇನ್ನೊಂದು ದಿನಾ ಸಂಜೆಯ ಆ ಸ್ವಲ್ಪ ನೀರು. ಎರಡನ್ನೂ ನೀವು ಪ್ರೀತಿಯಿಂದಲೇ ಕೊಟ್ಟಿದ್ದೀರಿ. ಆದರೆ ಈ ಗಿಡಗಳಿಗೆ ಬೇಕಾದ ಆರೈಕೆ ಬೇರೆ.

‘ಬರ ತಾಳುವ ಗಿಡ’ ಅನ್ನುವ ಮಾತು ಅರ್ಧ ಮಾತ್ರ ನಿಜ. ಅದು ಬೇರು ಇಳಿದ ಗಿಡಕ್ಕೆ ಹೇಳುವ ಮಾತು. ಮೊಳೆತು ಮೂರು ವಾರ ಆದ ಸಸಿಗೆ ಅದು ಅನ್ವಯಿಸುವುದಿಲ್ಲ. ಗೈಲಾರ್ಡಿಯಾ ಅನ್ನುವ ಬರ ತಾಳುವ ಹೂಗಿಡದ ಮೂರು ವಾರದ ಸಸಿಯೂ ಮೂರು ವಾರದ ಟೊಮೆಟೊ ಸಸಿಯೂ ಕಡು ಬಿಸಿಲಿನಲ್ಲಿ ಹೆಚ್ಚು ಕಡಿಮೆ ಒಟ್ಟಿಗೇ ಬಾಡುತ್ತವೆ. ವ್ಯತ್ಯಾಸ ಕಾಣುವುದು ಆಮೇಲೆ, ಗೈಲಾರ್ಡಿಯಾದ ಬೇರು ಬಿಸಿಲು ಮುಟ್ಟದ ಮಣ್ಣಿನವರೆಗೆ ಇಳಿದಾಗ. ಅಲ್ಲಿಯವರೆಗೆ ಅದು ಕೂಸು.

ಈ ಬೇರುಗಳನ್ನು ಕಣ್ಣಾರೆ ನೋಡಬೇಕು ಅಂತ ನೆಲ ತೋಡಿದವರು ಜಾನ್ ವೀವರ್. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅವರು ಹುಲ್ಲುಗಾವಲಿನಲ್ಲಿ ಆಳವಾದ ಕಂದಕ ತೋಡಿಸಿ, ಅದರ ಗೋಡೆಯಿಂದ ಒಂದೊಂದೇ ಬೇರನ್ನು ಬಿಡಿಸಿ, ಅಳತೆ ಹಿಡಿದು ಚಿತ್ರ ಬರೆದರು. ಮೊಣಕಾಲೆತ್ತರವೂ ಬಾರದ ಕೆಲವು ಗಿಡಗಳ ಬೇರು ಮೀಟರುಗಟ್ಟಲೆ ಕೆಳಗೆ ಹೋಗಿದ್ದವು. ಲಿಯಾಟ್ರಿಸ್ ಪಂಕ್ಟಾಟಾ ಅನ್ನುವ ನೇರಳೆ ಹೂವಿನ ಗಿಡದ ಬೇರು 4–5 ಮೀಟರ್ ಆಳದವರೆಗೂ ಇಳಿಯಬಲ್ಲದು. ಮೇಲೆ ಒಂದು ಗೇಣು ಎರಡು ಗೇಣು ಗಿಡ, ಕೆಳಗೆ ಬಾವಿಯ ಆಳ. 1930ರ ದಶಕದಲ್ಲಿ ಅಲ್ಲಿ ಭೀಕರ ಬರ ಬಂದಾಗ ಮೇಲ್ಮಣ್ಣಿನಲ್ಲೇ ಬೇರು ಬಿಟ್ಟಿದ್ದ ಗಿಡಗಳು ಮೊದಲು ಹೋದವು. ಆಳದ ಬೇರಿನವು ಹೆಚ್ಚು ಕಾಲ ತಾಳಿದವು. ನಿಮ್ಮ 20 ಚದರ ಮೀಟರಿನಲ್ಲಿ ಆದದ್ದೂ ಇದೇ ಕಥೆ. ನಿಮ್ಮ ಎಲ್ಲ ಗಿಡಗಳೂ ಮೇಲ್ಮಣ್ಣಿನ ಗಿಡಗಳಾಗಿಬಿಟ್ಟಿದ್ದವು.

ಯಾಕೆ ಹಾಗಾದವು ನೋಡೋಣ. ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಹಾಕಿದರೆ ಅದು 1 ಮಿಲಿಮೀಟರ್ ಮಳೆಗೆ ಸಮ. ಸಂಜೆ ಚಿಮುಕಿಸುವ ನೀರು ಸಾಮಾನ್ಯವಾಗಿ 2–3 ಮಿಲಿಮೀಟರ್ ದಾಟುವುದಿಲ್ಲ. ಅದು ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣನ್ನು ಕಪ್ಪಗೆ ಮಾಡುತ್ತದೆ, ನೋಡಿದರೆ ನೀರು ಕುಡಿದ ಹಾಗೆ ಕಾಣುತ್ತದೆ. ಮಾರನೇ ದಿನ ಮಧ್ಯಾಹ್ನಕ್ಕೆ ಅಷ್ಟೂ ಆವಿ. ಬೇರು ಒಣ ಮಣ್ಣಿನೊಳಗೆ ತೂರುವುದಿಲ್ಲ, ತೇವ ಇರುವ ಕಡೆಯೇ ಬೆಳೆಯುತ್ತದೆ. ದಿನಾ ಮೇಲೆಯೇ ತೇವ ಸಿಕ್ಕರೆ ಅದು ಮೇಲೆಯೇ ಹರಡಿಕೊಂಡು ಕೂರುತ್ತದೆ. ನೀವು ಇಲ್ಲದ ಹತ್ತು ದಿನ ಆ ಮೇಲಿನ ಪದರ ಪೂರ್ತಿ ಒಣಗಿತು. ಕೆಳಗೆ ಒಂದು ಮೊಳದಲ್ಲಿ ತೇವ ಇದ್ದಿರಬಹುದು, ಆದರೆ ಅಲ್ಲಿಗೆ ಹೋದ ಬೇರು ಒಂದೂ ಇರಲಿಲ್ಲ.

ಹಾಗಾದರೆ ನೀರು ಹೇಗೆ ಕೊಡಬೇಕು? ಬಿತ್ತಿದ ಮೊದಲ ಎರಡು ಮೂರು ವಾರ ನೀವು ಮಾಡಿದ್ದು ಸರಿಯೇ. ಮೊಳಕೆ ಒಡೆಯುವಾಗ ಮೇಲ್ಮಣ್ಣು ಒಣಗಲೇಬಾರದು. ಬಿಸಿಲು ಜೋರಾಗಿದ್ದರೆ ದಿನಕ್ಕೆ ಎರಡು ಸಲ ತೆಳ್ಳಗೆ ಚಿಮುಕಿಸಿ. ಒಂದು ದಿನ ತಪ್ಪಿದರೂ ಆಗ ತಾನೇ ಬಿರಿದ ಬೀಜ ಒಣಗಿ ಸಾಯುತ್ತದೆ, ಮತ್ತೆ ಎಷ್ಟು ನೀರು ಹಾಕಿದರೂ ಅದು ಏಳುವುದಿಲ್ಲ. ಸಸಿಗೆ ನಾಲ್ಕಾರು ನಿಜವಾದ ಎಲೆ ಬಂದ ಮೇಲೆ ಕ್ರಮ ಬದಲಾಗಬೇಕು. ಮೂರು ನಾಲ್ಕು ದಿನಕ್ಕೊಮ್ಮೆ, ಆದರೆ ಜಾಸ್ತಿ ನೀರು. ಇನ್ನೆರಡು ವಾರ ಕಳೆದ ಮೇಲೆ ವಾರಕ್ಕೊಮ್ಮೆ. ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ. ಪ್ರತಿ ಸಲವೂ ನೀರು ಕನಿಷ್ಠ ಒಂದು ಗೇಣು ಆಳ ಇಳಿಯಬೇಕು.

ಎಷ್ಟು ನೀರು ಹಾಕಿದರೆ ಎಷ್ಟು ಆಳ ಇಳಿಯುತ್ತದೆ ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ಚದರ ಮೀಟರಿಗೆ 25 ಲೀಟರ್ ಹಾಕಿದರೆ ಮರಳು ಮಣ್ಣಿನಲ್ಲಿ ಸುಮಾರು 30 ಸೆಂಟಿಮೀಟರ್, ಗೋಡು ಮಣ್ಣಿನಲ್ಲಿ 15–20, ಜಿಗುಟು ಎರೆ ಮಣ್ಣಿನಲ್ಲಿ 10–12 ಸೆಂಟಿಮೀಟರ್ ತೇವ ಆಗುತ್ತದೆ. ಲೆಕ್ಕ ನೆನಪಿಟ್ಟುಕೊಳ್ಳುವುದಕ್ಕಿಂತ ಒಂದು ಕಬ್ಬಿಣದ ಸರಳು ಇಟ್ಟುಕೊಳ್ಳಿ. ನೀರು ಹಾಕಿ ಎರಡು ಗಂಟೆ ಬಿಟ್ಟು ಚುಚ್ಚಿ ನೋಡಿ. ತೇವ ಇರುವಲ್ಲಿ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕಿದಲ್ಲಿ ತಡೆಯುತ್ತದೆ. ಇಷ್ಟು ಸರಳವಾದ ಉಪಕರಣ ನನಗೆ ಕೊಟ್ಟಷ್ಟು ಉಪಯೋಗ ಬೇರೆ ಯಾವುದೂ ಕೊಟ್ಟಿಲ್ಲ.

ಎರೆ ಮಣ್ಣಾದರೆ ಅಷ್ಟೂ ನೀರನ್ನು ಒಂದೇ ಸಲ ಸುರಿಯಬೇಡಿ, ಹರಿದು ಹೋಗುತ್ತದೆ. ಮೂರು ಸಲ ಬಿಟ್ಟು ಬಿಟ್ಟು ಹಾಕಿ. ಸಂಜೆಗಿಂತ ಬೆಳಗಿನ ಜಾವ ಒಳ್ಳೆಯದು. ರಾತ್ರಿಯೆಲ್ಲ ಎಲೆ ಒದ್ದೆ ಇದ್ದರೆ ಶಿಲೀಂಧ್ರಕ್ಕೆ ದಾರಿ ಆಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತುಬಿದ್ದಿದ್ದು ನೋಡಿ ಕೊಡ ಹಿಡಿದು ಓಡಬೇಡಿ. ಕಡು ಬಿಸಿಲಿನಲ್ಲಿ ಎಲೆಯಿಂದ ನೀರು ಹೋಗುವ ವೇಗಕ್ಕೆ ಬೇರು ಎಳೆಯುವ ವೇಗ ಸಾಲದೆ ಬಹಳ ಗಿಡಗಳು ಸ್ವಲ್ಪ ಬಾಡುತ್ತವೆ. ಸೂರ್ಯ ಇಳಿದ ಮೇಲೆ ತಾವೇ ನೆಟ್ಟಗಾಗುತ್ತವೆ. ನೋಡಬೇಕಾದದ್ದು ಬೆಳಗ್ಗೆ. ಸೂರ್ಯ ಹುಟ್ಟುವ ಹೊತ್ತಿಗೂ ಎಲೆ ಬಾಡಿಯೇ ಇದ್ದರೆ ಗಿಡಕ್ಕೆ ನಿಜವಾಗಿ ಬಾಯಾರಿದೆ. ಈ ಒಂದು ಅಭ್ಯಾಸ ಬಂದರೆ ನಿಮ್ಮ ನೀರಿನ ಖರ್ಚು ಎಷ್ಟೋ ಇಳಿಯುತ್ತದೆ.

ಇನ್ನು ಗೊಬ್ಬರ. ಗಿಡ ಎತ್ತರಕ್ಕೆ ಹೋಗಿ, ಎಲೆ ದಪ್ಪಗೆ ಕಡು ಹಸಿರಾಗಿ, ಹೂವು ಬಿಡದೆ ನಿಂತರೆ ರೈತರು ‘ಗಿಡ ಸೊಕ್ಕಿದೆ’ ಅನ್ನುತ್ತಾರೆ. ನಿಮ್ಮದು ಅದೇ. ಸಾರಜನಕ ಧಾರಾಳ ಸಿಕ್ಕಾಗ ಗಿಡ ಎಲೆ ಕಾಂಡಗಳಿಗೇ ದುಡಿಯುತ್ತದೆ. ಕಾಂಡ ಮೆದುವಾಗುತ್ತದೆ, ಗಾಳಿಗೆ ಮಗುಚುತ್ತದೆ. ಎಲೆ ಜಾಸ್ತಿ ಆದಷ್ಟೂ ಆವಿಯಾಗುವ ನೀರು ಜಾಸ್ತಿ. ಅಂದರೆ ಬೇರು ಮೇಲೆಯೇ ಉಳಿದಿತ್ತು, ಬಾಯಾರಿಕೆ ಮಾತ್ರ ಎರಡು ಪಟ್ಟಾಗಿತ್ತು. ಹತ್ತು ದಿನದಲ್ಲಿ ಸೋತದ್ದಕ್ಕೆ ಇದೂ ಒಂದು ಕಾರಣ.

ಗೊಬ್ಬರಕ್ಕೂ ಕಾಡು ಹೂಗಳಿಗೂ ಆಗಿಬರುವುದಿಲ್ಲ ಅನ್ನುವುದಕ್ಕೆ ಬಹಳ ಹಳೆಯ ಸಾಕ್ಷಿ ಇದೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಲ್ಲಿ ಒಂದು ಹುಲ್ಲುಗಾವಲನ್ನು ತುಂಡು ತುಂಡಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಗೊಬ್ಬರ ಕೊಡುವ ಪ್ರಯೋಗ ಶುರು ಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ. ಏನೂ ಗೊಬ್ಬರ ಹಾಕದ ತುಂಡುಗಳಲ್ಲಿ ಸುಮಾರು 40 ಜಾತಿಯ ಗಿಡಗಳು ಜೊತೆಯಾಗಿ ಬದುಕುತ್ತಿವೆ. ಸಾರಜನಕ ಜಾಸ್ತಿ ಬಿದ್ದು ಮಣ್ಣು ಹುಳಿಯಾದ ಕೆಲವು ತುಂಡುಗಳಲ್ಲಿ ಬೆರಳೆಣಿಕೆಯ ಹುಲ್ಲು ಮಾತ್ರ ಉಳಿದಿದೆ. ಗೊಬ್ಬರ ಹೂವಿನ ಗಿಡವನ್ನು ನೇರವಾಗಿ ಕೊಲ್ಲುವುದಿಲ್ಲ. ಅದು ಹುಲ್ಲನ್ನು, ಕಳೆಯನ್ನು ಎಬ್ಬಿಸುತ್ತದೆ, ಅವು ನೆರಳು ಕವಿದು ಹೂವಿನ ಗಿಡವನ್ನು ಮುಗಿಸುತ್ತವೆ. ಕೊನೆಗೆ ನಿಮಗೆ ಉಳಿದದ್ದು ಏನು ಅಂತ ನೀವೇ ಬರೆದಿದ್ದೀರಿ.

ಆದ್ದರಿಂದ ಈ ವರ್ಷ ಗೊಬ್ಬರ ಬೇಡ. ಒಂದು ಚಿಟಿಕೆಯೂ ಬೇಡ. ಹೋದ ವರ್ಷ ಹಾಕಿದ್ದರ ಸಾರ ಇನ್ನೂ ಮಣ್ಣಿನಲ್ಲಿ ಉಳಿದಿರುತ್ತದೆ. ಸಾಧ್ಯವಾದರೆ ಕಳೆಯನ್ನೂ ಒಣಗಿದ ಗಿಡಗಳನ್ನೂ ಕಿತ್ತು ಹೊರಗೆ ಸಾಗಿಸಿ, ಅಲ್ಲೇ ಕೊಳೆಯಲು ಬಿಡಬೇಡಿ. ಹಾಗೆ ಮಾಡಿದಷ್ಟೂ ಮಣ್ಣು ಬಡವಾಗುತ್ತದೆ, ನಮಗೆ ಬೇಕಾಗಿರುವುದೂ ಅದೇ. ತರಕಾರಿ ಬೆಳೆಯುವವರಿಗೆ ಈ ಮಾತು ಕೇಳಲು ಕಷ್ಟ ಅಂತ ಗೊತ್ತು.

ಆದರೆ ಬಡ ಮಣ್ಣು ಬೇರೆ, ನೀರು ನಿಲ್ಲುವ ಮಣ್ಣು ಬೇರೆ. ಬರ ತಾಳುವ ಗಿಡಗಳು ಬಾಯಾರಿಕೆಯಿಂದ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಜಾಸ್ತಿ. ಬಿತ್ತುವ ಮೊದಲು 30 ಸೆಂಟಿಮೀಟರ್ ಆಳದ ಒಂದು ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಎರಡನೇ ಸಲ ತುಂಬಿಸಿ, ಒಂದು ಗಂಟೆಯಲ್ಲಿ ನೀರು ಎಷ್ಟು ಇಳಿಯಿತು ಅಂತ ಅಳೆಯಿರಿ. 2.5 ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಆ ನೆಲ ಸರಿಯಾಗಿ ಬಸಿಯುವುದಿಲ್ಲ. ಅಂಥ ಕಡೆ ಮಡಿಯನ್ನು 15–20 ಸೆಂಟಿಮೀಟರ್ ಏರಿಸಿ, ಮೇಲಿನ ಪದರಕ್ಕೆ ಸಣ್ಣ ಜಲ್ಲಿ ಬೆರೆಸಿ. ಜಿಗುಟು ಮಣ್ಣಿಗೆ ಬರೀ ನಯವಾದ ಮರಳು ಸ್ವಲ್ಪ ಬೆರೆಸಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಒರಟಾದ ಜಲ್ಲಿಯೇ ಬೇಕು, ಅದೂ ಧಾರಾಳವಾಗಿ.

ಈ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವುದು ಬೆತ್ ಚಾಟೊ ಅನ್ನುವ ತೋಟಗಾರ್ತಿ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಅವರು 1991ರ ಸುಮಾರಿಗೆ ತಮ್ಮ ನರ್ಸರಿಯ ಹಳೆಯ ಕಾರ್ ಪಾರ್ಕಿಂಗ್ ಜಾಗವನ್ನು ಜಲ್ಲಿ ತೋಟ ಮಾಡಿದರು. ಆ ನಾಡಿನಲ್ಲೇ ಮಳೆ ತೀರಾ ಕಡಿಮೆ ಇರುವ ಭಾಗ ಅದು, ವರ್ಷಕ್ಕೆ 50 ಸೆಂಟಿಮೀಟರ್ ಆಸುಪಾಸು. ಗಿಡ ನಾಟಿಯಾದ ಆರಂಭದ ದಿನಗಳು ಬಿಟ್ಟರೆ ಆಮೇಲೆ ಆ ತೋಟಕ್ಕೆ ನೀರು ಹಾಕಲೇ ಇಲ್ಲ, ಎಂಥ ಒಣ ಬೇಸಿಗೆ ಬಂದರೂ. ಅವರು ಮೊದಲು ಮಾಡಿದ ಕೆಲಸ ಗಟ್ಟಿಯಾಗಿ ಅದುಮಿ ಹೋಗಿದ್ದ ನೆಲವನ್ನು ಒಡೆದು ಸಡಿಲ ಮಾಡಿದ್ದು, ಬೇರು ಕೆಳಗೆ ಹೋಗಲಿ ಅಂತ. ಕಾಂಪೋಸ್ಟನ್ನೂ ಬೆರೆಸಿದ್ದರು ನಿಜ. ಅದು ಬರೀ ಜಲ್ಲಿ ಮರಳಿನ ನೆಲ, ಗಿಡಕ್ಕೆ ಹಿಡಿತವೇ ಸಿಗುತ್ತಿರಲಿಲ್ಲ. ನಿಮ್ಮ ಮಣ್ಣೂ ಹಾಗೇ ಪೂರ್ತಿ ಮರಳಾಗಿದ್ದರೆ ಹಳೆಯ, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದೇ ಒಂದು ಸಲ ಹಾಕಬಹುದು. ಅದು ಊಟ ಅಂತ ಅಲ್ಲ, ತೇವ ಹಿಡಿಯಲಿ ಅಂತ.

ಕಳೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಾಡು ಹೂಗಳ ಮಡಿ ಸೋಲುವುದು ಬಹುಮಟ್ಟಿಗೆ ಇಲ್ಲೇ. ನೀವು ಆಳಕ್ಕೆ ಅಗೆದಿರಿ. ಅಗೆದಾಗ ಕೆಳಗೆ ವರ್ಷಗಟ್ಟಲೆ ಮಲಗಿದ್ದ ಕಳೆ ಬೀಜ ಮೇಲೆ ಬಂದು ಬೆಳಕು ಕಂಡಿತು. ಎಷ್ಟು ವರ್ಷ ಮಲಗಬಲ್ಲವು ಅಂತೀರಿ? ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನುವ ಸಸ್ಯವಿಜ್ಞಾನಿ 1879ರಲ್ಲಿ ಮರಳಿನ ಜೊತೆ ಬೀಜಗಳನ್ನು 20 ಬಾಟಲಿಗಳಲ್ಲಿ ತುಂಬಿ ಮಣ್ಣಿನಲ್ಲಿ ಹೂತಿಟ್ಟರು. ಅವರ ಕಾಲ ಮುಗಿದ ಮೇಲೂ ಒಬ್ಬರಾದ ಮೇಲೆ ಒಬ್ಬರು ಆ ಪ್ರಯೋಗವನ್ನು ಕಾಪಾಡಿಕೊಂಡು ಬಂದಿದ್ದಾರೆ. 2021ರಲ್ಲಿ ತೆಗೆದ ಬಾಟಲಿಯಲ್ಲೂ ವರ್ಬ್ಯಾಸ್ಕಮ್ ಅನ್ನುವ ಗಿಡದ ಬೀಜ ಮೊಳೆಯಿತು. 142 ವರ್ಷ ಮಣ್ಣಿನಡಿ ಇದ್ದ ಬೀಜ! ನಿಮ್ಮ ಅಂಗಳದ ಮಣ್ಣೂ ಒಂದು ಬಾಟಲಿಯೇ. ಅಗೆದಷ್ಟೂ ಅದರ ಮುಚ್ಚಳ ತೆಗೆದ ಹಾಗೆ.

ಅದಕ್ಕೆ ಉಪಾಯ ಇದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೆ. ಮೇಲ್ಮಣ್ಣನ್ನು ಮಾತ್ರ ಹರಗಿ ಮಟ್ಟ ಮಾಡಿ, ಹೂವಿನ ಬೀಜ ಬಿತ್ತದೆ ಬರೀ ನೀರು ಹಾಕಿ. ಹತ್ತು ಹದಿನೈದು ದಿನದಲ್ಲಿ ಕಳೆ ಹಸಿರಾಗಿ ಎದ್ದು ಬರುತ್ತದೆ. ಸಣ್ಣದಿರುವಾಗಲೇ ಮೇಲಿನ ಎರಡು ಸೆಂಟಿಮೀಟರ್ ಮಾತ್ರ ಕೆರೆದು ಬಿಸಿಲಿಗೆ ಒಣಗಿಸಿ. ಇನ್ನೂ ಆಳಕ್ಕೆ ಕೆರೆದರೆ ಹೊಸ ಕಳೆ ಬೀಜ ಮೇಲೆ ಬರುತ್ತದೆ. ಹೀಗೆ ಎರಡು ಮೂರು ಸುತ್ತು ಮಾಡಿ, ಆಮೇಲೆ ಬಿತ್ತಿ. ನಿಮ್ಮಲ್ಲಿ ಬಿಸಿಲು ಧಾರಾಳ ಇರುವುದರಿಂದ ಇನ್ನೊಂದು ದಾರಿಯೂ ಇದೆ. ನೆಲವನ್ನು ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ವರ್ಷದ ಅತಿ ಬಿಸಿಯ ದಿನಗಳಲ್ಲಿ ನಾಲ್ಕರಿಂದ ಆರು ವಾರ ಬಿಡುವುದು. ಒಳಗಿನ ಕಾವಿಗೆ ಮೇಲ್ಪದರದ ಬಹಳಷ್ಟು ಕಳೆ ಬೀಜ ಬೆಂದುಹೋಗುತ್ತವೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಈ ಕೆಲಸಕ್ಕೆ ಸರಿ, ಬಿಸಿಲು ನೇರ ಮಣ್ಣಿಗೆ ಬೀಳಬೇಕಲ್ವಾ? ಗಡ್ಡೆ, ಬೇರಿನಿಂದ ಚಿಗುರುವ ಕಳೆ ಇದಕ್ಕೆ ಬಗ್ಗುವುದಿಲ್ಲ. ಅವನ್ನು ಕೈಯಲ್ಲೇ ಕೀಳಬೇಕು.

ಬಿತ್ತನೆ ಸುಲಭ. ಚದರ ಮೀಟರಿಗೆ 3 ಗ್ರಾಂ ಬೀಜ ಸಾಕು, ನಿಮ್ಮ ಜಾಗಕ್ಕೆ 60 ಗ್ರಾಂ. ಇಷ್ಟೇನಾ ಅನ್ನಿಸಬಹುದು. ಬಯಲು ಕೋರಿಯಾಪ್ಸಿಸ್ ಅನ್ನುವ ಕಾಡು ಹೂವಿನ ಒಂದು ಗ್ರಾಂ ಬೀಜದಲ್ಲಿ 2,000ಕ್ಕೂ ಹೆಚ್ಚು ಕಾಳು ಇರುತ್ತವೆ. ಒತ್ತೊತ್ತಾಗಿ ಬಿದ್ದರೆ ಅವು ಬೆಳಕಿಗೆ ಪೈಪೋಟಿ ಮಾಡಿ ಸಣಕಲಾಗಿ ಎತ್ತರ ಹೋಗುತ್ತವೆ. ಬೀಜವನ್ನು ಹತ್ತು ಪಾಲು ಒಣ ಮರಳಿನ ಜೊತೆ ಕಲಸಿ, ಅರ್ಧವನ್ನು ಉದ್ದಕ್ಕೂ ಇನ್ನರ್ಧವನ್ನು ಅಡ್ಡಕ್ಕೂ ಎರಚಿ. ಆಮೇಲೆ ಹಲಗೆ ಹಾಕಿ ಮೇಲೆ ನಿಂತು ಒತ್ತಿ. ಮಣ್ಣು ಮುಚ್ಚುವುದಾದರೆ 2–3 ಮಿಲಿಮೀಟರಿಗಿಂತ ಜಾಸ್ತಿ ಬೇಡ. ಸಣ್ಣ ಬೀಜಗಳಲ್ಲಿ ಹಲವಕ್ಕೆ ಮೊಳೆಯಲು ಬೆಳಕು ಬೇಕು. ಬೀಜ ಮಣ್ಣಿಗೆ ಅಂಟಿಕೊಂಡಿರಬೇಕು, ಹೂತುಹೋಗಿರಬಾರದು.

ಈಗ ಗಿಡಗಳ ಆಯ್ಕೆ. ಮಿಶ್ರ ಪ್ಯಾಕೆಟ್ ನನಗೆ ಅಷ್ಟು ಇಷ್ಟವಿಲ್ಲ. ತಂಪಿಗೆ ಮೊಳೆಯುವ ಬೀಜವನ್ನೂ ಬಿಸಿಗೆ ಮೊಳೆಯುವ ಬೀಜವನ್ನೂ ಒಟ್ಟಿಗೆ ತುಂಬಿರುತ್ತಾರೆ. ಒಂದೇ ದಿನ ಬಿತ್ತಿದರೆ ಅರ್ಧ ಬೀಜಕ್ಕೆ ಹವೆ ಒಗ್ಗುವುದಿಲ್ಲ. ಐದಾರು ಜಾತಿಯನ್ನು ಬೇರೆ ಬೇರೆಯಾಗಿ ತಂದು, ಅವುಗಳ ಸ್ವಭಾವ ಅರಿತು ಬಿತ್ತಿದರೆ ಸಿಗುವ ಖುಷಿಯೇ ಬೇರೆ.

ನನ್ನನ್ನು ಕೇಳಿದರೆ ಮೊದಲ ಹೆಸರು ಗೈಲಾರ್ಡಿಯಾ. ಉತ್ತರ ಅಮೆರಿಕದ ಒಣ ಬಯಲಿನ ಗಿಡ. ಕೆಂಪು ಹಳದಿ ಸೇರಿದ ಹೂವು, ರೋಮದ ಎಲೆ. ಮರಳು ಮಣ್ಣು, ಸುಡುವ ಬಿಸಿಲು, ಎರಡೂ ಇದಕ್ಕೆ ಸಲೀಸು. ಜೊತೆಗೆ ಬಯಲು ಕೋರಿಯಾಪ್ಸಿಸ್, ಬೇಗ ಹೂ ಬಿಡುತ್ತದೆ, ಬಿಟ್ಟಷ್ಟೂ ಬಿಡುತ್ತದೆ. ಕಾಸ್ಮೋಸ್ ಮೆಕ್ಸಿಕೋದಿಂದ ಬಂದದ್ದು. ಸಾರವತ್ತಾದ ಮಣ್ಣಿನಲ್ಲಿ ಎಲೆಯ ಪೊದೆ, ಬಡ ಮಣ್ಣಿನಲ್ಲಿ ಹೂವಿನ ರಾಶಿ. ಸೊಕ್ಕುವುದು ಅಂದರೆ ಏನು ಅಂತ ಕಲಿಸುವ ಗಿಡ ಇದ್ದರೆ ಅದು ಇದೇ. ಇವು ಮೂರೂ ಒಂದೇ ವರ್ಷದಲ್ಲಿ ಮುಗಿಯುವವು, ಬೀಜ ಉದುರಿಸಿ ಮತ್ತೆ ಹುಟ್ಟುವವು.

ಕ್ಯಾಲಿಫೋರ್ನಿಯಾ ಪಾಪಿ ಬರವನ್ನು ಗೆಲ್ಲುವುದು ಬೇರೆ ರೀತಿಯಲ್ಲಿ. ಅದು ತಂಪು ಕಾಲದಲ್ಲಿ ಮೊಳೆತು, ಮಣ್ಣಿನಲ್ಲಿ ತೇವ ಇರುವಾಗಲೇ ಹೂ ಬಿಟ್ಟು, ಕಡು ಬೇಸಿಗೆ ಬರುವಷ್ಟರಲ್ಲಿ ಬೀಜ ಕಟ್ಟಿ ಮುಗಿಸಿರುತ್ತದೆ. ಕೆಲವು ಕಡೆ ತಾಯಿಬೇರು ಮಣ್ಣಿನಡಿ ಉಳಿದು ಮತ್ತೆ ಚಿಗುರುತ್ತದೆ. ಇದನ್ನು ತಟ್ಟೆಯಲ್ಲಿ ಸಸಿ ಮಾಡಿ ಕಿತ್ತು ನೆಡಬೇಡಿ. ತಾಯಿಬೇರು ಮುರಿದರೆ ಗಿಡ ಏಳುವುದಿಲ್ಲ, ಇರಬೇಕಾದಲ್ಲೇ ಬಿತ್ತಬೇಕು. 15–20 ಡಿಗ್ರಿಯ ತಂಪು ಇದಕ್ಕೆ ಹಿತ. ಬೇಸಿಗೆಯಲ್ಲಿ ಬಿತ್ತಿ ಇದು ಬರಲಿಲ್ಲ ಅಂತ ಬೇಜಾರು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ಕಾಸ್ಮೋಸ್, ಜಿನ್ನಿಯಾ, ಪೋರ್ಚುಲಾಕಾಗಳಿಗೆ ಇದರ ತದ್ವಿರುದ್ಧ, ನೆಲ ಬೆಚ್ಚಗಾದ ಮೇಲೆಯೇ ಬಿತ್ತಬೇಕು.

ಪೋರ್ಚುಲಾಕಾ ಅಂದರೆ ಮೈಯೆಲ್ಲ ನೀರು ತುಂಬಿಕೊಂಡ ಆ ಪುಟ್ಟ ಗಿಡ, ಟೇಬಲ್ ರೋಸ್ ಅಂತೀವಲ್ಲ. ನೀರು ಸಾಲದಾದಾಗ ಅದು ಹಗಲು ಎಲೆಯ ರಂಧ್ರ ಮುಚ್ಚಿ ರಾತ್ರಿ ತೆರೆದು ಉಸಿರಾಡುವ ದಾರಿಗೆ ಹೊರಳಬಲ್ಲದು. ಗಿಡಗಳಲ್ಲಿ ಇಂಥ ಎರಡು ದಾರಿ ಬಲ್ಲವು ಬಹಳ ಅಪರೂಪ. ಮಡಿಯ ಅಂಚಿಗೆ, ಕಲ್ಲಿನ ಪಕ್ಕಕ್ಕೆ ಹಾಕಿ. ಮಡಗಾಸ್ಕರ್ ಮೂಲದ ಕಾಶಿ ಕಣಗಿಲೆಯೂ ಬಿಸಿಲಿಗೆ ಜಗ್ಗುವುದಿಲ್ಲ. ಪುಟ್ಟ ನೀಲಿ ಹೂವಿನ ವಿಷ್ಣುಕ್ರಾಂತಿ ನೆಲಕ್ಕೆ ಅಂಟಿಕೊಂಡು ಹರಡುತ್ತದೆ, ಜಲ್ಲಿ ನೆಲದಲ್ಲಿ ನೋಡಲು ಬಲು ಚೆಂದ. ಎತ್ತರಕ್ಕೆ ಹಿನ್ನೆಲೆ ಬೇಕಿದ್ದರೆ, ಹಿಮ ಬೀಳದ ಕಡೆ, ಹಳದಿ ಹೂವಿನ ತಂಗಡಿ ಇದೆ. ಒಮ್ಮೆ ಬೇರೂರಿದ ಮೇಲೆ ನೀವು ಮರೆತರೂ ಅದು ಬದುಕುತ್ತದೆ.

ಬಹುವಾರ್ಷಿಕಗಳಲ್ಲಿ ಎಕಿನೇಶಿಯಾ ಇರಲಿ, ಕಿತ್ತಳೆ ಹೂವಿನ ಆಸ್ಕ್ಲೀಪಿಯಾಸ್ ಟ್ಯೂಬರೋಸಾ ಇರಲಿ. ಇವಕ್ಕೆ ಚಳಿಗಾಲದ ನೆನಪು ಬೇಕು. ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ ಒಂದು ತಿಂಗಳು ಫ್ರಿಜ್ಜಿನಲ್ಲಿಟ್ಟು ಬಿತ್ತಿದರೆ ಚೆನ್ನಾಗಿ ಮೊಳೆಯುತ್ತವೆ. ಮೊದಲ ವರ್ಷ ಇವು ನಾಲ್ಕು ಎಲೆ ಬಿಟ್ಟು ಸುಮ್ನೆ ಕೂತಿರುತ್ತವೆ, ಹೂವೇ ಇರುವುದಿಲ್ಲ. ಗಿಡ ಬೆಳೆಯುತ್ತಿಲ್ಲ ಅಂದುಕೊಂಡು ನಾನೊಮ್ಮೆ ಒಂದನ್ನು ಕಿತ್ತೆ. ಮೇಲೆ ಬೆರಳುದ್ದದ ಎಲೆ, ಕೆಳಗೆ ಮೊಳದುದ್ದದ ಬೇರು ಬಂತು, ಅದೂ ತುದಿ ಮುರಿದು. ಎಷ್ಟು ನೋವಾಯಿತು ಅಂದರೆ, ಅವತ್ತಿನಿಂದ ಮೊದಲ ವರ್ಷದ ಗಿಡವನ್ನು ನಾನು ಮುಟ್ಟುವುದಿಲ್ಲ.

ಬೀಜ ತರುವ ಮುಂಚೆ ಒಂದು ವಿಷಯ ದಯವಿಟ್ಟು ನೋಡಿ. ಒಂದು ನೆಲದ ಕಾಡು ಹೂವು ಇನ್ನೊಂದು ನೆಲದಲ್ಲಿ ಕಳೆಯಾಗಬಹುದು. ಕ್ಯಾಲಿಫೋರ್ನಿಯಾ ರಾಜ್ಯ 1903ರಲ್ಲಿ ತನ್ನ ಹೂವು ಅಂತ ಪಾಪಿಯನ್ನು ಆರಿಸಿಕೊಂಡಿತು. ಅದೇ ಪಾಪಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ ಬೇಲಿ ದಾಟಿ ಬಯಲೆಲ್ಲ ಹಬ್ಬಿದೆ. ನೀವಿರುವ ಕಡೆ ಯಾವುದು ಹಬ್ಬುವ ಗಿಡ ಅಂತ ಗುರುತಿಸಿದ್ದಾರೋ ಅದನ್ನು ಬಿತ್ತಬೇಡಿ. ಉಳಿದ ಬೀಜವನ್ನು ಖಾಲಿ ಜಾಗದಲ್ಲಿ ಎರಚಲೂ ಬೇಡಿ. ನಿಮ್ಮ ನೆಲದ್ದೇ ಕಾಡು ಹೂಗಳಿಗೆ ಮೊದಲ ಜಾಗ ಕೊಡಿ. ನಿಮ್ಮ ಮಳೆ, ನಿಮ್ಮ ಮಣ್ಣು, ನಿಮ್ಮಲ್ಲಿನ ಜೇನು ಚಿಟ್ಟೆಗಳಿಗೆ ಅವು ಸಾವಿರಾರು ವರ್ಷದಿಂದ ಒಗ್ಗಿವೆ. ಆದರೆ ಕಾಡಿನಿಂದ, ಬಯಲಿನಿಂದ ಗಿಡವನ್ನೇ ಕಿತ್ತು ತರಬೇಡಿ. ಆಳದ ಬೇರು ಅರ್ಧ ಅಲ್ಲೇ ಉಳಿಯುತ್ತದೆ, ಗಿಡ ಅಲ್ಲೂ ಇಲ್ಲ ಇಲ್ಲೂ ಇಲ್ಲ ಅಂತಾಗುತ್ತದೆ. ಅನುಮತಿ ಇದ್ದರೆ ನಾಲ್ಕು ಬಲಿತ ಕಾಯಿ ಸಾಕು.

ಹೂವು ಶುರುವಾದ ಮೇಲೆ ಕೆಲಸ ಕಡಿಮೆ. ಬಾಡಿದ ಹೂವು ಚಿವುಟಿದರೆ ಹೊಸ ಮೊಗ್ಗು ಬರುತ್ತದೆ. ಕೊನೆಯ ಒಂದು ತಿಂಗಳು ಮಾತ್ರ ಚಿವುಟುವುದು ಬಿಟ್ಟುಬಿಡಿ, ಬೀಜ ಮಾಗಿ ಉದುರಲಿ. ಎತ್ತರವಾಗುವ ಗಿಡಗಳನ್ನು ಹೂವಿಗೆ ಮುಂಚೆ ಮೂರರಲ್ಲಿ ಒಂದು ಭಾಗ ಕತ್ತರಿಸಿದರೆ ಕವಲೊಡೆದು ಗಿಡ್ಡಗೆ ಗಟ್ಟಿಯಾಗಿ ನಿಲ್ಲುತ್ತವೆ, ಮಗುಚುವುದಿಲ್ಲ. ಒಣ ಎಲೆ ಹುಲ್ಲಿನ ದಪ್ಪ ಹೊದಿಕೆ ಇಲ್ಲಿ ಬೇಡ, ಉದುರಿದ ಬೀಜ ಮಣ್ಣು ಮುಟ್ಟಲಾಗದೆ ಹೋಗುತ್ತದೆ. ಎರಡು ಮೂರು ಸೆಂಟಿಮೀಟರ್ ಸಣ್ಣ ಜಲ್ಲಿ ಹರಡಿದರೆ ಮಣ್ಣೂ ತಂಪಿರುತ್ತದೆ, ಸಂದಿಯಲ್ಲಿ ಬೀಜವೂ ಮೊಳೆಯುತ್ತದೆ. ಒಂದು ಮೂಲೆಯಲ್ಲಿ ಸ್ವಲ್ಪ ನೆಲ ಬರಿದಾಗಿಯೇ ಇರಲಿ. ಜೇನ್ನೊಣ ಜಾತಿಯಲ್ಲಿ ಗುಂಪಾಗಿ ಗೂಡು ಕಟ್ಟಿ ಬಾಳುವವು ಕೆಲವೇ. ಹೆಚ್ಚಿನ ಒಂಟಿ ಜೇನ್ನೊಣಗಳು ನೆಲದಲ್ಲಿ ಪುಟ್ಟ ಬಿಲ ಮಾಡಿ ಮರಿ ಮಾಡುತ್ತವೆ. ನಿಮ್ಮ ಹೂವಿಗೆ ಕಾಯಿ ಕಟ್ಟಿಸುವವು ಅವೇ.

ಕೊನೆಗೆ ನಿಮ್ಮ ಅರ್ಧ ಪ್ಯಾಕೆಟ್. ಒಣಗಿದ, ತಂಪಾದ ಜಾಗದಲ್ಲಿ ಇಟ್ಟಿದ್ದರೆ ಬಹುಪಾಲು ಬೀಜ ಇನ್ನೂ ಜೀವಂತ ಇರುತ್ತದೆ. ಪರೀಕ್ಷೆ ಮಾಡಿ ನೋಡಿ. ಇಪ್ಪತ್ತು ಕಾಳು ಎಣಿಸಿ ಒದ್ದೆ ಕಾಗದದ ಮೇಲೆ ಹರಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಡಿ. ಎರಡು ವಾರ ಕಾಗದ ಒಣಗದ ಹಾಗೆ ನೋಡಿಕೊಳ್ಳಿ. ಹನ್ನೆರಡಕ್ಕಿಂತ ಹೆಚ್ಚು ಮೊಳೆತರೆ ಮೇಲೆ ಹೇಳಿದ ಅಳತೆಯಲ್ಲೇ ಬಿತ್ತಿ. ಆರೇಳು ಮೊಳೆತರೆ ಅಳತೆ ದುಪ್ಪಟ್ಟು ಮಾಡಿ. ಮೂರು ನಾಲ್ಕು ಮಾತ್ರ ಅಂದರೆ ಹೊಸ ಬೀಜ ತನ್ನಿ. ಈ ಎರಡು ವಾರದಲ್ಲಿ ಕಳೆಯ ಮೊದಲ ಸುತ್ತೂ ಮುಗಿದಿರುತ್ತದೆ, ಹಾಗಾಗಿ ಎರಡನ್ನೂ ಒಂದೇ ದಿನ ಶುರು ಮಾಡಿ.